ಕಪ್ಪು ದಾರದ ಚೀಲಗಳು

ಅಮರಗೋಳ, ಹುಬ್ಬಳ್ಳಿ
9 ಡಿಸೆಂಬರ್ 2025, ಮಂಗಳವಾರ

ತಮ್ಮ ಗುರುಪಾದನಿಗೆ ಅಕ್ಕ ರಜನಿ ಬರೆಯುವುದು.

ಬೆಳಗಾವಿಯಲ್ಲಿ ನೀನು, ನಿನ್ನ ಹೆಂಡತಿ, ಮಕ್ಕಳು ಆರಾಮ ಇದ್ದೀರೆಂದು ತಿಳಿಯುತ್ತೇನೆ. ಆರೋಗ್ಯ ವಿಚಾರಿಸದೆ ಕಾಗದ ಶುರು ಮಾಡಬಾರದೆಂದು ಅವ್ವ ಕಲಿಸಿದ್ದಳು, ಅದಕ್ಕೇ ಕೇಳಿದ್ದು. ಅಕ್ಕರೆ ಎಂದುಕೊಳ್ಳಬೇಡ. ಬಿಪಿ ಮಾತ್ರೆ ತಪ್ಪಿಸಬೇಡ, ಈ ಕಾಗದ ಓದುವ ದಿನವಂತೂ ತಪ್ಪಿಸಲೇಬೇಡ. ಅಪ್ಪನ ಮೊಣಕಾಲು ನೋವು ಹಾಗೇ ಇದೆ. ಸತ್ತೂರಿನ ಆಸ್ಪತ್ರೆಗೆ ತೋರಿಸಿಕೊಂಡು ಬಾ ಎಂದು ಎರಡು ಸಲ ಹೇಳಿದ್ದಕ್ಕೆ ನೀನು ನನ್ನ ನಂಬರನ್ನೇ ಬ್ಲಾಕ್ ಮಾಡಿದೆ, ದೊಡ್ಡ ಮನುಷ್ಯ. ಆದ್ದರಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಸಹಿ ಹಾಕಿ ತೆಗೆದುಕೊಂಡ ಮೇಲೆ ಮುಟ್ಟಿಲ್ಲ ಅನ್ನಲು ಬರುವುದಿಲ್ಲ.

ರವಿವಾರ ಮಧ್ಯಾಹ್ನ ಗಬ್ಬೂರ ಬೈಪಾಸಿನಲ್ಲಿ ನೀನು ಬೀರು ಕಾಯಿಸಿ ಮಾರುವ ಅಂಗಡಿಗೆ ಹೋಗಿದ್ದೆ. ಕಾರಣ ಅಪ್ಪನ ಫೋಟೋ. ಇಲ್ಲಿ ಮಾರ್ಕೆಟ್ ಯಾರ್ಡಿನ ಎಲ್ಲ ದಲಾಲಿ ಅಂಗಡಿಗಳ ಮೊಬೈಲಿಗೂ ನಿನ್ನ ಆಮಂತ್ರಣ ಬಂದಿತ್ತು, ನಮ್ಮ ಅಂಗಡಿಗೆ ಮಾತ್ರ ಇಲ್ಲ. ‘ಸಿದ್ದಪ್ಪಜ್ಜನ ಜೋಳದ ಬೀರು. ಐವತ್ತು ವರ್ಷ ಕಾಳು ನೋಡಿದ ಕೈ ಆರಿಸಿದ ಜೋಳ. ಬನ್ನಿ, ರುಚಿ ನೋಡಿ, ಅಭಿಪ್ರಾಯ ಬರೆಯಿರಿ.’ ಕೆಳಗೆ ರುಮಾಲು ಸುತ್ತಿ, ವಿಭೂತಿ ಹಚ್ಚಿಕೊಂಡು ನಗುತ್ತಿರುವ ಅಪ್ಪ. ಯುಗಾದಿಗೆ ಬಂದಾಗ, ‘ಮನ್ಯಾಗ ಹಾಕ್ಕೊಳ್ಳಾಕ ಒಂದು ಇರಲಿ’ ಎಂದು ನೀನೇ ತೆಗೆದ ಫೋಟೋ. ಪಾಪ, ಅವರು ಅದಕ್ಕಾಗಿ ಅಂಗಿ ಬದಲಿಸಿ ಬಂದಿದ್ದರು. ನೀನು ಈ ಉದ್ಯೋಗ ಶುರು ಮಾಡುವಾಗ ಅವರು ಬೇಡ ಅನ್ನಲಿಲ್ಲ, ನೆನಪಿದೆಯೇ? ‘ಬೇಕಾದ್ದು ಮಾಡು. ನನ್ನ ಹೆಸರು, ಅಂಗಡಿ ಹೆಸರು ಮಾತ್ರ ಅದರಾಗ ತರಬ್ಯಾಡ’ ಎಂದಷ್ಟೇ ಅಂದಿದ್ದರು. ನೀನು ಹೆಸರಷ್ಟೇ ಅಲ್ಲ, ಮುಖವನ್ನೂ ತಂದೆ.

ನಿನ್ನ ಬೀರಿನ ಮೇಲೆ ನನಗೆ ಜಗಳವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಐವತ್ತಮೂರು ವರ್ಷಕ್ಕೆ ಮೊದಲ ಸಲ ಕುಡಿದೆ, ಕದ್ದು ಕುಡಿದಿಲ್ಲ. ಐದು ಪುಟ್ಟ ಗ್ಲಾಸು, ಒಂದು ಚೀಟಿ, ಒಂದು ಪೆನ್ಸಿಲ್ ಮುಂದಿಟ್ಟರು. ಗೋಧಿಯದು ಚಲೋ ಇತ್ತು, ಇನ್ನೊಂದು ಗುಟುಕು ಇದ್ದಿದ್ದರೆ ಅನ್ನಿಸಿತು. ಎರಡನೆಯದು ನೆಲಬೇವಿನ ಕಷಾಯ, ಅದನ್ನು ಕಾಸು ಕೊಟ್ಟು ಕುಡಿಯುವವರಿಗೆ ಶರಣು. ಮಾವಿನಹಣ್ಣಿನದರಲ್ಲಿ ಮಾವಿನಹಣ್ಣು ಇರಲಿಲ್ಲ. ನಾಲ್ಕನೆಯ ಕರಿಯದು ಸುಟ್ಟ ಕಾಫಿ. ಹೀಗೆಯೇ ಬರೆದೆ. ಐದನೆಯದು ಅಪ್ಪನದು. ಬಾಯಿಗಿಟ್ಟ ಕೂಡಲೇ ನಾಲಿಗೆಯ ಹಿಂದೆ ಮುಗ್ಗಲು ಕೂತಿತು. ಪಕ್ಕದಲ್ಲಿದ್ದ ಚಸ್ಮಾದವನು ಕಣ್ಣು ಮುಚ್ಚಿ, ‘ಮೊದಲ ಮಳಿ ಬಿದ್ದ ಎರಿ ಮಣ್ಣಿನ ವಾಸನಿ ಐತ್ರಿ’ ಅಂದ. ಟೇಬಲ್ಲಿನಲ್ಲಿದ್ದವರೆಲ್ಲ ತಲೆಯಾಡಿಸಿ ಅದನ್ನೇ ಬರೆದುಕೊಂಡರು. ನಾನು ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಜೋಳ ಹಲ್ಲಲ್ಲಿ ಒಡೆದು ನೋಡುವವಳು, ಗುರುಪಾದ. ಅದು ಮಣ್ಣಿನ ವಾಸನೆಯಲ್ಲ. ತೆನೆಯಲ್ಲಿರುವಾಗಲೇ ಮಳೆಗೆ ತೊಯ್ದು, ಕಪ್ಪಾಗಿ, ಬೂಷ್ಟು ಹಿಡಿದ ಜೋಳದ ವಾಸನೆ.

ಆದರೂ ತಮ್ಮ ಅಷ್ಟು ಕೆಳಗೆ ಇಳಿಯಲಾರ ಎಂದು ನನ್ನ ಮನಸ್ಸು ವಾದ ಮಾಡಿತು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಅಲ್ಲಿ ಖಾಲಿ ಚೀಲಗಳ ರಾಶಿ, ನಮ್ಮದೇ ಅಂಗಡಿಯ ಮುದ್ರೆ, ಬಾಯಿಗೆ ಕಪ್ಪು ದಾರ. ಅಕ್ಟೋಬರ್ ಮಳೆಗೆ ಕೆಟ್ಟ ಜೋಳವನ್ನು ಕೋಳಿ ಫಾರ್ಮಿಗೆ ಎಂದು ಕಲ್ಲೇಶ ಎಂಬ ಖರೀದಿದಾರ ನನ್ನ ಕೈಯಿಂದಲೇ ಒಯ್ದಿದ್ದ. ಅವನು ನಿನ್ನ ಮನುಷ್ಯ ಎಂದು ಈಗ ತಿಳಿಯಿತು. ತಿನ್ನುವ ಕಾಳಿಗೆ ಬಿಳಿ ದಾರ, ಕೋಳಿಗೆ ಹೋಗುವ ಕಾಳಿಗೆ ಕಪ್ಪು ದಾರ ಹೊಲಿಯುವುದು ನಮ್ಮ ಅಂಗಡಿಯ ಪದ್ಧತಿ. ಮಿಲ್ಲಿನವರು ಯಾರೂ ತಪ್ಪಿ ರೊಟ್ಟಿ ಹಿಟ್ಟಿಗೆ ಬೀಸಬಾರದೆಂದು. ಕಾಲೇಜು ರಜೆಯಲ್ಲಿ ದಬ್ಬಣ ಹಿಡಿದು ಆ ಚೀಲ ಹೊಲಿದವನು ನೀನು. ಗೊತ್ತಿರಲಿಲ್ಲ ಎಂದು ಲೋಕಕ್ಕೆಲ್ಲ ಹೇಳು, ನನಗೆ ಹೇಳಬೇಡ.

ಒಳಗೆ ಬಂದು ಚೀಟಿಯ ಮೇಲೆ, ‘ಇದು ಕೋಳಿಗೆ ಮಾರಿದ ಜೋಳ’ ಎಂದು ಬರೆದು ಹೆಸರು ಹಾಕಿ ಕೊಟ್ಟೆ. ನಿನ್ನ ಮ್ಯಾನೇಜರ್ ಬೆವೆತು ನಿನಗೆ ಫೋನ್ ಹಚ್ಚಿದ. ನಾನು ಎದುರಿಗೇ ಇದ್ದೆ, ನಿನ್ನ ದನಿ ಕೇಳಿಸುತ್ತಿತ್ತು. ‘ಕುದಿಸಿದ ಮ್ಯಾಲ ಏನೂ ಉಳಿಯೂದಿಲ್ಲ ಅಂತ ಅಕ್ಕಗ ಹೇಳ್ರಿ. ಅಪ್ಪ ಅಂತೂ ಅದನ್ನ ಎಂದೂ ಬಾಯಾಗ ಇಡೂದಿಲ್ಲ.’ ಬೂಷ್ಟಿನ ವಿಷ ಕುದಿಸಿದರೆ ಹೋಗುವುದಿಲ್ಲ, ಅದು ಯಕೃತ್ತಿಗೆ ಹೋಗಿ ಕೂರುತ್ತದೆ. ಕೃಷಿ ಕಾಲೇಜಿನವರು ಯಾರ್ಡಿಗೆ ಬಂದು ಇದನ್ನು ಹೇಳಿದ ದಿನ ನೀನೂ ಮುಂದಿನ ಸಾಲಿನಲ್ಲಿ ಕೂತು ಚಹಾ ಕುಡಿದಿದ್ದೆ. ಅದಕ್ಕಿಂತ ಆ ಎರಡನೆಯ ಮಾತು ನನ್ನ ಹೊಟ್ಟೆ ಉರಿಸಿತು. ಅಪ್ಪ ಆಚಾರವಂತರು, ಲಿಂಗ ಕಟ್ಟಿಕೊಂಡವರು, ಬೀರು ಮುಟ್ಟುವುದಿಲ್ಲ. ಆದ್ದರಿಂದ ಅವರ ಹೆಸರಿನಲ್ಲಿ ಏನು ಕುಡಿಸಿದರೂ ನಡೆಯುತ್ತದೆ, ಅಲ್ಲವೇ? ಅವರ ಭಕ್ತಿಯನ್ನೇ ಅಡ್ಡ ಇಟ್ಟುಕೊಂಡು ಮೋಸ ಮಾಡಿದೆ. ನನಗೆ ನಿನ್ನ ಮೇಲೆ ಹೇಸಿಕೆ ಬಂದಿದೆ.

ಅಪ್ಪನಿಗೆ ನಾನು ಏನೂ ಹೇಳಿಲ್ಲ. ಅವರ ಹತ್ತಿರ ಅಂಥ ಫೋನಿಲ್ಲ. ಅವರು ಬಂದರೆ ಯಾರ್ಡಿನವರು ಮೊಬೈಲ್ ಕಿಸೆಗೆ ಹಾಕಿ ಹತ್ತಿ ರೇಟಿನ ಮಾತು ತೆಗೆಯುತ್ತಾರೆ. ನಿನ್ನೆ ಒಬ್ಬ ರೈತ, ಮೊದಲ ಸಲ, ಅವರು ಜೋಳ ನೋಡಿ ಗುಣ ಹೇಳಿದ ಮೇಲೂ ಪಕ್ಕದ ಅಂಗಡಿಯವನಿಗೆ ಒಯ್ದು ತೋರಿಸಿದ. ಅಪ್ಪ ಮಧ್ಯಾಹ್ನ ಊಟ ಮಾಡಲಿಲ್ಲ.

ನಿನ್ನ ಹೆಂಡತಿಗೆ ನೆನಪು ತಿಳಿಸು. ಮಕ್ಕಳಿಗೆ ಆಶೀರ್ವಾದ. ನಿನಗೆ ಸದ್ಯ ನನ್ನ ಹತ್ತಿರ ಏನೂ ಇಲ್ಲ.

ಇಂತಿ,
ರಜನಿ

ತಾ. ಕ.: ಪಾಕೀಟು ಅಂಟಿಸುವಷ್ಟರಲ್ಲಿ ಅಪ್ಪ ಬಂದರು. ಯಾರಿಗೆ ಕಾಗದ ಎಂದರು. ಸುಳ್ಳು ಹೇಳಲಾಗಲಿಲ್ಲ, ಪೂರ್ತಿ ಓದಿ ಹೇಳಿದೆ. ರವಿವಾರ ಐದನೆಯ ಗ್ಲಾಸಿನಲ್ಲಿ ಉಳಿದ ನಿನ್ನ ಬೀರನ್ನು ನಾನು ನೀರಿನ ಬಾಟಲಿಯಲ್ಲಿ ಹಾಕಿಕೊಂಡು ಬಂದಿದ್ದೆ, ಅದನ್ನು ಕೇಳಿ ತರಿಸಿಕೊಂಡರು. ಬೇಡ, ನಾನು ನೋಡಿದ್ದೇನೆ, ಸಾಕು ಎಂದು ಕೈ ಹಿಡಿದೆ, ಬಿಡಿಸಿಕೊಂಡರು. ಒಂದು ಚಮಚ ಬಾಯಿಗೆ ಹಾಕಿ ಬಹಳ ಹೊತ್ತು ಇಟ್ಟುಕೊಂಡು ಉಗುಳಿದರು. ಸ್ನಾನ ಮಾಡಿ ಪೂಜೆಗೆ ಕೂತರು. ಎದ್ದು ಬಂದು ಶನಿವಾರ ಸಂಜೆ ಗಬ್ಬೂರಿಗೆ ಕರೆದುಕೊಂಡು ಹೋಗು ಎಂದರು. ನಿನ್ನ ಅಂಗಡಿಯ ಒಂದೊಂದು ಟೇಬಲ್ಲಿಗೂ ಹೋಗುತ್ತಾರಂತೆ. ಏನು ಹೇಳುತ್ತೀರಿ ಎಂದು ಕೇಳಿದೆ. ‘ಫೋಟೋದಾಗಿನ ಸಿದ್ದಪ್ಪ ನಾನ ರೀ. ಈ ಜೋಳ ಛಲೋ ಇಲ್ಲ, ಕುಡೀಬ್ಯಾಡ್ರಿ. ತಪ್ಪು ಮಾಡಿದಾಂವ ನನ್ನ ಮಗ.’ ಇಷ್ಟೇ ಅಂತೆ. ಆ ಬೀರನ್ನೆಲ್ಲ ಚೆಲ್ಲಲು ನಿನಗೆ ಶುಕ್ರವಾರದವರೆಗೆ ಸಮಯವಿದೆ.