ಉಳಿದ ಹಾರ

ಅಕ್ಟೋಬರ್ ೧, ಬುಧವಾರ, ಆಯುಧಪೂಜೆ

ಆ ಒಂದು ಚೆಂಡುಹೂವಿನ ಹಾರ ಇನ್ನೂ ತಲೆಯಿಂದ ಹೋಗಿಲ್ಲ.

ನಮ್ಮ ಕೇಟರಿಂಗ್ ಕಂಪನಿಯ ವ್ಯಾನುಗಳಿಗೆ ಹಾರ ತರಿಸುವ ಕೆಲಸವನ್ನು ಈ ಸಲ ಲೆಕ್ಕಪತ್ರ ನೋಡುವ ನಾನೇ ಕೇಳಿ ವಹಿಸಿಕೊಂಡೆ. ಡೀಸೆಲ್ ಬಿಲ್ಲಿನಲ್ಲಿ ಎಷ್ಟು ಗಾಡಿಗಳಿವೆಯೋ ಅಷ್ಟೇ ಹಾರ ತರಿಸಿದೆ. ಗುಮಾನಿ ಮೊದಲೇ ಇತ್ತು. ಆಡಿಟ್‌ಗೆಂದು ಗಾಡಿ ಎಣಿಸಲು ಹೋದರೆ ಸಾಕು, ಯಾವುದಾದರೊಂದು ಗಾಡಿ ಟ್ರಿಪ್ಪಿಗೆ ಹೋಗಿದೆ ಎಂಬ ಉತ್ತರ ಬರುತ್ತದೆ. ಆದರೆ ಆಯುಧಪೂಜೆಯ ದಿನ ಯಾವ ಡ್ರೈವರೂ ತನ್ನ ಗಾಡಿಗೆ ಪೂಜೆ ತಪ್ಪಿಸುವುದಿಲ್ಲ.

ಜೆ.ಪಿ. ನಗರದ ನಮ್ಮ ಅಡುಗೆಮನೆಯ ಮುಂದೆ ಗಾಡಿಗಳು ಸಾಲಾಗಿ ನಿಂತವು. "ಮೇಡಂ, ಒಂದು ಹಾರ ಜಾಸ್ತಿ ತಂದ್ಬಿಟ್ಟಿದೀರ" ಎಂದ ಡ್ರೈವರ್ ಪುಟ್ಟರಾಜು.

ಟ್ರಾನ್ಸ್‌ಪೋರ್ಟ್ ನೋಡಿಕೊಳ್ಳುವ ನಂದಕುಮಾರ್ ಕಡೆ ತಿರುಗಿದೆ. "ಇನ್ನೊಂದು ಗಾಡಿ ಎಲ್ಲಿ ಸಾರ್?"

"ಮಡಿವಾಳದಲ್ಲಿ ಗ್ಯಾರೇಜಿಗೆ ಬಿಟ್ಟಿದೀನಿ ಮೇಡಂ."

"ಪಾಪ, ಅದೊಂದನ್ನ ಯಾಕೆ ಪೂಜೆ ಇಲ್ದೆ ಬಿಡೋದು? ನಡೀರಿ, ಹೋಗಿ ನಿಂಬೆಹಣ್ಣು ಇಟ್ಟು ಬರೋಣ."

"ಯಾವ ಗಾಡಿ ಸಾರ್?" ಎಂದ ಪುಟ್ಟರಾಜು. "ಇರೋವೆಲ್ಲಾ ಇಲ್ಲೇ ನಿಂತಿವೆಯಲ್ಲ."

ನಂದಕುಮಾರ್ ಕುಂಕುಮ ಹಚ್ಚಿದ ಬೂದುಗುಂಬಳವನ್ನು ಹಿಡಿದುಕೊಂಡೇ ನಿಂತರು. ಒಡೆಯುವುದು ಮರೆತೇಹೋಗಿತ್ತು.

ಸ್ವಲ್ಪ ಬೇಜಾರಾಯಿತು ನಿಜ. ಯಾರ ಮನೆಯ ಸಮಾರಂಭವಾದರೂ ಮೊದಲು ಬಂದು ನಿಲ್ಲುವ ಮನುಷ್ಯ. ಆದರೆ ವಿಶ್ವಾಸ ಬೇರೆ, ಸಹಿ ಬೇರೆ. ಇನ್ನು ಮುಂದೆ ಗಾಡಿಯನ್ನು ಕಣ್ಣಾರೆ ಕಾಣದೆ ಒಂದು ಬಿಲ್ಲಿಗೂ ನನ್ನ ಸಹಿ ಬೀಳುವುದಿಲ್ಲ.

ನಾಳೆ ರಜೆ. ಶುಕ್ರವಾರ ಮಾಲೀಕರ ಹತ್ತಿರ ಫೈಲು ಒಯ್ಯುವುದಿಲ್ಲ. ಹೂವು ಅಷ್ಟರಲ್ಲಿ ಬಾಡಿದ್ದರೆ ಬಾಡಿರಲಿ, ಆ ಹಾರವನ್ನೇ ಅವರ ಮೇಜಿನ ಮೇಲಿಟ್ಟು, ಇದನ್ನು ಯಾವ ಗಾಡಿಗೆ ಹಾಕಲಿ ಎಂದು ಕೇಳುತ್ತೇನೆ.