ಪಿಸ್ತಾ ಬಣ್ಣದ ಜಾಳಿಗಿ ಅಂಗಿ

3 ಮಾರ್ಚ್ 2001, ಶನಿವಾರ

ಬೆಳಿಗ್ಗೆ ಚಂಡು ಹಿಚುಕಿದ್ದು ನಲವತ್ತು ಸಲ. ಮಧ್ಯಾಹ್ನ ಮೂವತ್ತೈದು. ಬೇಸರ ಬಂದು ಗೋಡೆಗೆ ಎಸೆದೆ. ತಿರುಗಿ ಬಂದು ಹೆಂಡತಿ ಜುಬೇದಾಳ ಚಹಾದ ಕಪ್ಪಿಗೆ ಬಡಿಯಿತು. ಬೈಸಿಕೊಂಡೆ.

ಎಡಗೈಯ ಕಿರುಬೆರಳು, ಅದರ ಪಕ್ಕದ್ದು — ಎರಡೂ ಮಡಚುವುದಿಲ್ಲ. ಜನವರಿಯಲ್ಲಿ ನಮ್ಮ ಓಣಿಯ ಅಂದಾನೆಪ್ಪನ ಟ್ರ್ಯಾಕ್ಟರ್ ಟ್ರೇಲರಿನ ಹಿಂದಿನ ಬಾಗಿಲು ಹಾಕಲು ಕೈ ಕೊಟ್ಟಿದ್ದೆ. ಮಾತಾಡುತ್ತಾ ಕೈ ಎಲ್ಲಿಟ್ಟೆ ಅಂತ ನೋಡಲಿಲ್ಲ. ತಪ್ಪು ನನ್ನದೇ. ಮುರಿದ ಮೂಳೆ ಕೂಡಿದವು. ಬೆರಳು ಮಾತು ಕೇಳುತ್ತಿಲ್ಲ.

ಗೇರ್ ಹಾಕುವುದು ಎಡಗೈ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು ಗೇರ್ ಹಿಡಿಯಲಾರ ಅಂದರೆ ಏನು ಉಳಿಯಿತು? ಏಪ್ರಿಲ್ 30ಕ್ಕೆ ಬೆಳಗಾವಿಯಲ್ಲಿ ಡಾಕ್ಟರು ನೋಡುತ್ತಾರೆ. ಮುಷ್ಟಿ ಗಟ್ಟಿಯಾದರೆ ಸ್ಟೇರಿಂಗ್. ಇಲ್ಲದಿದ್ದರೆ ಡಿಪೋ ಗೇಟಿನಲ್ಲಿ ಕುರ್ಚಿ, ರಿಟೈರ್ ಆಗುವ ತನಕ ಹೋಗುವ ಬರುವ ಗಾಡಿಗಳ ನಂಬರ್ ಬರೆಯುವುದು. ನೆನೆಸಿಕೊಂಡರೆ ಊಟ ಸೇರುವುದಿಲ್ಲ.

ಮೂರು ದಿನಕ್ಕೆ ಬಕ್ರೀದ್. ಜುಬೇದಾಗೆ ನಮಾಜಿನ ಜಾಳಿ ಟೋಪಿ ಹೆಣೆಯುವ ಗಡಿಬಿಡಿ. ಸಂಜೆ ಒಂದು ಕ್ರೋಶಾ ಸೂಜಿ, ಒಂದು ದಾರದ ಉಂಡೆ ನನ್ನ ತೊಡೆಯ ಮೇಲೆ ಹಾಕಿದಳು.

"ಆ ಚಂಡು ಸಾಕ್ರಿ. ಇದನ್ನ ಹಿಡೀರಿ. ದಾರ ಕಿರಿಬೆರಳಿಗೇ ಸುತ್ತಬೇಕು. ಅದೂ ಒಂಚೂರು ದುಡೀಲಿ."

"ಹೆಂಗಸರ ಕೆಲಸ ಮಾಡ್ಲೇನು ನಾ?"

"ಟೋಪಿ ತಲೀ ಮ್ಯಾಲ ಇಟ್ಕೊಳ್ಳೂವಾಗ ಹೆಂಗಸರ ಕೆಲಸ ಅಂತ ನೆನಪಾಗಂಗಿಲ್ಲಲ್ಲ?"

ಸೂಜಿ ಹಿಡಿದೆ.

4 ಮಾರ್ಚ್

ಸರಪಳಿ ಹೆಣಿಗೆ ಬಂತು. ಕಂಬ ಬಂತು — ಸೂಜಿಗೆ ದಾರ ಸುತ್ತಿ, ಒಳಗೆ ತೂರಿಸಿ, ಎರಡು ಸಲ ಎಳೆದರೆ ಒಂದು ಕಂಬ. ಬಲಗೈಗೆ ತೊಂದರೆ ಇಲ್ಲ. ಎಡಗೈಯಲ್ಲಿ ದಾರ ನಿಲ್ಲುವುದಿಲ್ಲ. ಜಾರುತ್ತದೆ, ಜೋತು ಬೀಳುತ್ತದೆ. ಬೆವರಿಳಿಯಿತು. ಘಾಟಿನಲ್ಲಿ ಓಡಿಸುವಾಗಲೂ ಇಷ್ಟು ಬೆವರಿಲ್ಲ.

6 ಮಾರ್ಚ್, ಬಕ್ರೀದ್

ನಮಾಜಿಗೆ ಜುಬೇದಾ ಹೆಣೆದ ಟೋಪಿ. ಅವಳ ಟೋಪಿ ನೆಲದ ಮೇಲಿಟ್ಟರೂ ನೆಟ್ಟಗೆ ನಿಲ್ಲುತ್ತದೆ. ಮೂವತ್ತು ವರ್ಷದ ಬಿಗಿ ಕೈ.

ನಾನೂ ಒಂದು ಮುಗಿಸಿದ್ದೆ. ತಲೆಗಿಟ್ಟರೆ ಕಿವಿಯ ಮೇಲೆ ಇಳಿಯಿತು. ಜುಬೇದಾ ನಕ್ಕು ನಕ್ಕು ಸುರಕುಂಬಾ ಪಾಯಸದ ಪಾತ್ರೆ ಒಲೆಯ ಮೇಲೇ ಮರೆತಳು. ತಳ ಹತ್ತಿತು. ಎರಡು ತಿಂಗಳಾದ ಮೇಲೆ ಅವಳು ಹಾಗೆ ನಕ್ಕಿದ್ದು. ಟೋಪಿ ಹಾಳಾದರೆ ಆಗಲಿ.

19 ಮಾರ್ಚ್, ಸೋಮವಾರ

ಮಗಳು ಫಿರದೋಸ್ ಬಂದಳು. ಚೊಚ್ಚಲ ಬಾಣಂತನ, ಹೆರಿಗೆ ಮೇ ಮೊದಲ ವಾರ ಅಂದಿದ್ದಾರೆ. ಅಳಿಯ ಮುಸ್ತಕೀಮ ಬೈಲಹೊಂಗಲದಿಂದ ಬಿಟ್ಟು ಹೋದ. ಈ ವರ್ಷ ಬಿಸಿಲು ಈಗಲೇ ಸುಡುತ್ತಿದೆ. ಮಧ್ಯಾಹ್ನ ಕರೆಂಟ್ ಇರುವುದಿಲ್ಲ. ಹುಡುಗಿಯ ಭುಜ, ಬೆನ್ನು ತುಂಬ ಬೆವರುಸಾಲೆ. ಯಾವ ಬಟ್ಟೆ ತಾಗಿದರೂ ಚುರುಚುರು. ದಿನಕ್ಕೆ ಮೂರು ಸಲ ಸ್ನಾನ, ಆಮೇಲೆ ಒದ್ದೆ ಟವೆಲ್ ಹೊದ್ದು ಕೂರುತ್ತಾಳೆ. ರಾತ್ರಿ ನಿದ್ದೆಯಿಲ್ಲ, ಹಗಲು ಅಳು.

ನನ್ನ ಸೋತ ಟೋಪಿಯನ್ನು ನೋಡಿ ನಕ್ಕಳು. ಸುಮ್ಮನೆ ಭುಜದ ಮೇಲೆ ಹಾಕಿಕೊಂಡಳು. ನಗು ನಿಂತಿತು.

"ಅಬ್ಬಾ, ಇದು ಮೈಗೆ ಹತ್ತವಲ್ದು. ಗಾಳಿ ಆಡಾಕ ಹತ್ತೈತಿ. ಇಂಥಾದ್ದು ಒಂದು ಮೇಲಂಗಿ ಹಾಕಿ ಕೊಡ್ರಿ."

"ನಿಮ್ಮಮ್ಮಿ ಹಾಕತಾಳ ತಗೋ."

ಜುಬೇದಾ ಅಂಗೈಯಗಲ ಹಾಕಿ ತೋರಿಸಿದಳು. ಹಿಟ್ಟಿನ ಜರಡಿಯಷ್ಟು ಒತ್ತೊತ್ತಾಗಿ ಇತ್ತು. ಸಡಿಲ ಮಾಡು ಅಂದರೆ ಅವಳ ಕೈಗೆ ಬರುವುದೇ ಇಲ್ಲ. ಮತ್ತೆ ಹಾಕಿದಳು, ಮತ್ತೆ ಜರಡಿ. ಸೂಜಿ ನನ್ನ ಮುಂದೆ ಇಟ್ಟು ಎದ್ದು ಹೋದಳು.

ಕೆಟ್ಟ ಕೈಗೂ ಒಂದು ಗಿರಾಕಿ ಸಿಕ್ಕಿತು!

22 ಮಾರ್ಚ್

ತೆಳ್ಳನೆಯ ದಾರ ತಂದೆ, ಪಿಸ್ತಾ ಬಣ್ಣ. ಅಂಗಡಿಯವನು ಯಾರಿಗೆ ಅಂದ. ಮನೆಯವರಿಗೆ ಅಂದೆ. ಸುಳ್ಳೇನಲ್ಲ.

ಲೆಕ್ಕ ಸುಲಭ. ಮುಂದೊಂದು ತುಂಡು, ಹಿಂದೊಂದು ತುಂಡು, ಭುಜಕ್ಕೆ ಹೊಲಿಗೆ, ಪಕ್ಕಕ್ಕೆ ಹೊಲಿಗೆ, ತೋಳಿಗೆ ಜಾಗ. ಒಳಗೆ ತೆಳು ಶಮೀಜು. ಸಾಲಿಗೆ ನೂರಾ ಇಪ್ಪತ್ತು ಕಂಬ, ಕೆಳಗಿನಿಂದ ಮೇಲಕ್ಕೆ.

"ಜಾಳಿಗಿ ಅಂಗಿ ಹಾಕ್ಕೊಂಡು ಹೊಸ್ತಲ ದಾಟಂಗಿಲ್ಲ ನೋಡು," ಅಂತ ಜುಬೇದಾ ಮಗಳಿಗೆ.

"ಈ ಹೊಟ್ಟಿ ತಗೊಂಡು ಎಲ್ಲಿ ಹೋಗ್ಲಿ ಅಮ್ಮಿ?"

28 ಮಾರ್ಚ್, ಬುಧವಾರ

ಮಾನ ಹೋಯಿತು. ಅಮೋಘಸಿದ್ದಪ್ಪ ಬಂದಿದ್ದ — ನನ್ನ ಗಾಡಿಯ ಕಂಡಕ್ಟರ್, ಹನ್ನೊಂದು ವರ್ಷದ ಜೋಡಿ. ದನಿ ಕೇಳಿ ಎಲ್ಲ ದಿಂಬಿನ ಕೆಳಗೆ ತುರುಕಿದೆ. ಉಂಡೆ ಉರುಳಿ ಅವನ ಚಪ್ಪಲಿಯ ತನಕ ಹೋಯಿತು. ದಾರ ಹಿಡಿದುಕೊಂಡು ದಿಂಬಿನ ತನಕ ಬಂದ.

"ಇದೇನ್ರಿ ಸಾಬ್ರ, ಸ್ಟೇರಿಂಗ್ ಬಿಟ್ಟು ಸೂಜಿ ಹಿಡದ್ರಿ?"

ಕೈಯ ವ್ಯಾಯಾಮ ಅಂದೆ. ನಂಬಿದ. ಆದರೆ ಕಂಡಕ್ಟರ್ ಬುದ್ಧಿ ಎಲ್ಲಿ ಹೋದೀತು? ಪೆನ್ನಿನ ತುದಿಯಿಂದ ಕಂಬ ಎಣಿಸತೊಡಗಿದ. ಮೊದಲ ಸಾಲು ನೂರಾ ಇಪ್ಪತ್ತು. ಈಗಿನ ಸಾಲು ನೂರಾ ಹನ್ನೆರಡು.

"ಎಂಟ ಮಂದಿ ನಡುವ ಇಳದಾರ್ರಿ. ಸೀಟಿ ಯಾರು ಊದಿದ್ರು?"

ನಿಜ. ಅಂಚಿನಲ್ಲಿ ತಿರುಗುವಾಗ ಕೊನೆಯ ಕಂಬ ಬಿಡುತ್ತಿದ್ದೆ. ಅಂಗಿ ಮೇಲೆ ಹೋದಂತೆ ಚೂಪಾಗುತ್ತಿತ್ತು. ಫಿರದೋಸ್ ಒಳಗಿನಿಂದಲೇ ನಗುವುದು ಕೇಳಿಸಿತು. ಎಲ್ಲ ಬಿಚ್ಚಿದೆ.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ — "ಹೊಸಾ ಡ್ರೈವರ್ ಸಿರಸಂಗಿ ಹತ್ರ ಬ್ರೇಕ್ ಹಾಕಿದ್ರ ಮುದುಕ್ಯಾರು ಮುಂದಿನ ಸೀಟಿಗೆ ಬರ್ತಾರ್ರಿ. ಸಾಬ್ರು ಎಂದ ಬರ್ತಾರ ಅಂತ ದಿನಾ ಕೇಳ್ತಾರ. ಏನ್ ಹೇಳ್ಲಿ?"

ಏಪ್ರಿಲ್ ಮೂವತ್ತು ಅಂತ ಹೇಳು ಅಂದೆ.

9 ಏಪ್ರಿಲ್, ಸೋಮವಾರ

ಹಿಂದಿನ ತುಂಡು ಮುಗಿಯಿತು! ಎತ್ತಿ ಹಿಡಿದರೆ ಕಿಟಕಿ ಆಚೆಯ ಬೇವಿನ ಮರ ಕಾಣುತ್ತದೆ. ಅಷ್ಟು ಹಗುರ. ಸಿದ್ದಪ್ಪ ವಾರದ ರಜೆಯ ದಿನ ಬಂದು ಪ್ರತಿ ಸಾಲು ಎಣಿಸಿ, "ರೈಟ್" ಅಂದು ಹೋಗಿದ್ದಾನೆ. ಮುಂದಿನ ತುಂಡಿಗೆ ಸರಪಳಿ ಹಾಕಿದೆ.

ಚಂಡು ಹಿಚುಕುವುದು ಬಿಟ್ಟು ಯಾವಾಗಲೋ ಆಯಿತು. ನೆನಪೇ ಇಲ್ಲ.

17 ಏಪ್ರಿಲ್, ಮಂಗಳವಾರ

ಮುಂದಿನ ತುಂಡು ಅರ್ಧ ಆಗಿದೆ. ಫಿರದೋಸ್ ಎರಡೂ ಒಂದರ ಮೇಲೊಂದು ಹಾಸಿದಳು. ಮುಂದಿನದು ನಾಲ್ಕು ಬೆರಳು ಅಗಲ ಕಡಿಮೆ. ಎಣಿಸಿದೆ — ನೂರಾ ಇಪ್ಪತ್ತು. ಮತ್ತೆ ಎಣಿಸಿದೆ. ನೂರಾ ಇಪ್ಪತ್ತೇ. ಅದೇ ದಾರ, ಅದೇ ಸೂಜಿ. ದಾರವೇ ಕುಗ್ಗಿತೋ ಏನೋ ಅಂತ ಅಂಗಡಿಯವನಿಗೆ ಬೈಯುತ್ತಿದ್ದೆ.

ಜುಬೇದಾ ರೊಟ್ಟಿ ಬಡಿಯುವುದು ಬಿಟ್ಟು ಬಂದಳು. ಹಿಟ್ಟಿನ ಕೈ ಸೆರಗಿಗೆ ಒರೆಸಿ ಮೊದಲು ಹಿಂದಿನದು ಮುಟ್ಟಿದಳು. ಆಮೇಲೆ ಮುಂದಿನದು. ಬೆರಳಿಂದ ಎಳೆದು ನೋಡಿದಳು.

"ದಾರಕ್ಕ ಯಾಕ ಬೈತೀರಿ? ನಿಮ್ಮ ಕೈ ಬಂದೈತ್ರಿ. ಬೆರಳು ದಾರ ಬಿಗಿ ಹಿಡದಾವ."

ಅಷ್ಟೇ ಅಂದು ಅಳತೊಡಗಿದಳು.

ನಾನು ಎಡಗೈ ನೋಡಿಕೊಂಡೆ. ಮುಷ್ಟಿ ಕಟ್ಟಿದೆ. ಕಿರುಬೆರಳು ಅಂಗೈಗೆ ತಾಗಿತು. ದಿನಾ ಒಂದು ಕಾಳಿನಷ್ಟು ಬಂದಿರಬೇಕು, ನಾನು ಕಂಬ ಎಣಿಸುತ್ತಾ ಕುಳಿತಿದ್ದೆ. ಸ್ಟೀಲಿನ ತಂಬಿಗೆ ತುಂಬಿಸಿ ಎಡಗೈಯಲ್ಲಿ ಎತ್ತಿದೆ. ಮೂರು ಸಲ ಎತ್ತಿದೆ. ಅಲ್ಲಾಹನ ದಯೆ. ನನಗೂ ತಡೆಯಲಾಗಲಿಲ್ಲ.

ಇನ್ನು ಅಂಗಿ? ಫಿರದೋಸ್ ಕಣ್ಣೊರೆಸಿಕೊಂಡು, "ಬಿಡ್ರಿ ಅಬ್ಬಾ, ಬಿಗಿ ಆದ್ರೂ ನಾ ಹಾಕ್ಕೋತೇನಿ," ಅಂದಳು. ಬೆನ್ನು ತೋರಿಸು ಅಂದೆ. ಕೆಂಪಗೆ ಹಾಗೇ ಇದೆ. ಮುಂದಿನ ತುಂಡು ಬಿಚ್ಚಿ ಉಂಡೆ ಸುತ್ತಿದೆ.

20 ಏಪ್ರಿಲ್

ಬರುತ್ತಿಲ್ಲ. ಬೇಕಂತಲೇ ಸಡಿಲ ಬಿಟ್ಟರೆ ಒಂದು ಕಂಬ ಆನೆಯಷ್ಟು, ಇನ್ನೊಂದು ಇರುವೆಯಷ್ಟು. ಜುಬೇದಾ ನೋಡಿ ನಿಟ್ಟುಸಿರು ಬಿಟ್ಟಳು — "ಈಗ ನಿಮ್ಮದೂ ನನ್ನ ಕೈ ಆತು ನೋಡ್ರಿ." ಎರಡು ದಿನದ ಕೆಲಸ ಬಿಚ್ಚಿದೆ.

21 ಏಪ್ರಿಲ್, ಶನಿವಾರ

ಗೇರ್ ರಾಡ್ ನೆನಪಾಯಿತು. ಹೊಸ ಹುಡುಗರು ಅದನ್ನು ಶತ್ರುವಿನ ಕುತ್ತಿಗೆ ಹಿಡಿದಂತೆ ಹಿಡಿಯುತ್ತಾರೆ. ಗಾಡಿ ಕಿರುಚುತ್ತದೆ. ಬಲ್ಲವನು ಅಂಗೈ ಸುಮ್ಮನೆ ಅದರ ಮೇಲೆ ಇಟ್ಟಿರುತ್ತಾನೆ, ಬೇಕಾದಾಗ ಮಾತ್ರ ಒತ್ತುತ್ತಾನೆ. ಕಣ್ಣು ಮುಚ್ಚಿ ಎಡಗೈಗೆ ಅದೇ ಹೇಳಿದೆ. ದಾರ ಹಾಯಲು ಬಿಟ್ಟೆ.

ಹತ್ತು ಸಾಲು ಆಯಿತು. ಹಿಂದಿನ ತುಂಡಿನ ಮೇಲೆ ಇಟ್ಟೆ. ಅಂಚಿಗೆ ಅಂಚು ಸರಿಯಾಗಿ ಕೂತಿತು! ಜುಬೇದಾಳ ಕಡೆ ನೋಡಿ ಮೀಸೆ ತಿರುವಿದೆ. ಅವಳಿಗೆ ಹೊಟ್ಟೆಕಿಚ್ಚು, ಸ್ವಲ್ಪ.

27 ಏಪ್ರಿಲ್, ಶುಕ್ರವಾರ

ಜುಮ್ಮಾ ನಮಾಜಿನಿಂದ ಬರುವಷ್ಟರಲ್ಲಿ ಫಿರದೋಸ್ ನಾನು ರಾತ್ರಿ ಹೊಲಿದು ಮುಗಿಸಿದ ಅಂಗಿ ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ಮಲಗಿದ್ದಳು. ಕರೆಂಟ್ ಇಲ್ಲ. ಆದರೂ ನಿದ್ದೆ. ಪಕ್ಕದ ಮನೆಯ ಬಾಯವ್ವ ಬಗ್ಗಿ ನೋಡಿ ಪಿಸುಗುಟ್ಟಿದಳು — "ಎಷ್ಟ್ ಛಂದ ಐತ್ರೀ, ಯಾರ್ ಹಾಕಿದ್ದು?" ಜುಬೇದಾ ನನ್ನ ಕಡೆ ಬೆರಳು ತೋರಿಸಿದಳು. ಇನ್ನು ಓಣಿಗೆಲ್ಲ ಗೊತ್ತಾಯಿತು. ಆಗಲಿ.

30 ಏಪ್ರಿಲ್

ಬೆಳಗಾವಿ. ಡಾಕ್ಟರು ತಮ್ಮ ಎರಡು ಬೆರಳು ಕೊಟ್ಟು ಹಿಚುಕಿ ಅಂದರು. ಹಿಚುಕಿದೆ. "ಸಾಕು, ಬಿಡಿ ಬಿಡಿ!" ಅಂದರು. ಕೈ ಪಾಸು. ಆದರೆ ಡಿಪೋದಲ್ಲಿ ಗಾಡಿ ಓಡಿಸಿ ತೋರಿಸಬೇಕು, ಆರ್ಡರ್ ಆಮೇಲೆ.

4 ಮೇ

ನಿನ್ನೆ ಬೆಳಿಗ್ಗೆ ಹೆಣ್ಣು ಮಗು. ತಾಯಿ ಮಗು ಸುಖ. ಗುಲಫಶಾ ಅಂತ ಹೆಸರು. ಎಡಗೈಯಲ್ಲಿ ಎತ್ತಿಕೊಂಡೆ. ಬಲಗೈ ಕೆಳಗೆ ಇಟ್ಟಿದ್ದೆ, ಹೆದರಿಕೆ.

8 ಜೂನ್, ಶುಕ್ರವಾರ

ಡಿಪೋದಲ್ಲಿ ಟ್ರಯಲ್. ಖಾಲಿ ಗಾಡಿ, ಊರ ಹೊರಗೆ ಹೋಗಿ ಬಂದೆ. ಎಲ್ಲ ಸರಿ. ಆದರೆ ಖಾಲಿ ಗಾಡಿ ಬೇರೆ. ಐವತ್ತು ಜನ ಹಿಂದೆ ಕೂತ ಗಾಡಿ ಬೇರೆ. ಇಳಿಜಾರಿನಲ್ಲಿ ಕೈ ಜಾರಿದರೆ? ಯಾರಿಗೂ ಹೇಳಿಲ್ಲ.

12 ಜೂನ್

ಆರ್ಡರ್ ಬಂತು. ಗುರುವಾರದಿಂದ ಡ್ಯೂಟಿ, ರಾಮದುರ್ಗ – ಬೈಲಹೊಂಗಲ. ಸಿದ್ದಪ್ಪನೇ ಕಂಡಕ್ಟರ್.

ಫಿರದೋಸಳ ನಲವತ್ತು ದಿನ ಮುಗಿಯಿತು. ಗುರುವಾರ ಅಬ್ಬಾನ ಗಾಡಿಯಲ್ಲೇ ಗಂಡನ ಮನೆಗೆ ಹೋಗುತ್ತೇನೆ ಅಂತ ಹಟ. ಜುಬೇದಾ ಬೇಡ ಅಂದಳು. ನಾನೂ ಅಂದೆ.

"ಮೊದಲನೇ ದಿನ ಐತಿ ಬೇಟಾ. ಮುಸ್ತಕೀಮ ಬರ್ಲಿ. ನನ್ನ ಕೈ ಮ್ಯಾಲ ನನಗ ಇನ್ನೂ ಭರವಸೆ ಇಲ್ಲ."

"ನನಗ ಐತಿ," ಅಂದಳು. ಬಟ್ಟೆ ಮಡಚುತ್ತಲೇ ಇದ್ದಳು.

14 ಜೂನ್, ಗುರುವಾರ, ಬೆಳಿಗ್ಗೆ 6.20, ಬಸ್ ನಿಲ್ದಾಣ

ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಐದು ನಿಮಿಷ ಇದೆ. ರಾತ್ರಿ ಮಳೆಯಾಗಿ ರಸ್ತೆ ಒದ್ದೆ. ಸೀಟು ಎಲ್ಲ ತುಂಬಿವೆ. ಸಿರಸಂಗಿಯ ಮುದುಕಿ ಒಬ್ಬಾಕೆ, "ಬಂದ್ಯಾ ಸಾಬಣ್ಣ?" ಅಂದು ಹತ್ತಿದಳು.

ನನ್ನ ಹಿಂದಿನ ಸೀಟಿನಲ್ಲಿ ಫಿರದೋಸ್. ತೊಡೆಯ ಮೇಲೆ ಗುಲಫಶಾ, ನಿದ್ದೆ. ಸಿದ್ದಪ್ಪ ತಲೆ ಎಣಿಸುತ್ತಾ ಬಂದು ಮಗುವಿನ ಹತ್ತಿರ ನಿಂತ — "ಇದನ್ನೂ ಸೇರಿಸಿ ಐವತ್ತಮೂರು."

ಹೆದರಿಕೆ ಇದೆ. ಇಲ್ಲ ಅಂತ ಬರೆಯುವುದು ಸುಳ್ಳು. ಕನ್ನಡಿಯಲ್ಲಿ ಮಗಳನ್ನು ನೋಡಿದೆ. ಅವಳು ನನ್ನ ಕೈ ಕಡೆ ನೋಡುತ್ತಲೇ ಇಲ್ಲ. ಕಿಟಕಿಯ ಹೊರಗೆ ಅಮ್ಮಿಗೆ ಕೈ ಬೀಸುತ್ತಿದ್ದಾಳೆ. ಅಬ್ಬಾ ಓಡಿಸುತ್ತಾರೆ, ಅದರಲ್ಲಿ ನೋಡುವುದೇನಿದೆ ಅನ್ನುವಂತೆ.

ಸೀಟಿ ಊದಿದ. ಎಡಗೈ ಗೇರಿನ ಮೇಲೆ ಇಟ್ಟಾಯಿತು. ಪೆನ್ನು ಬಲಗೈಯಲ್ಲೇ ಇದೆ, ಇನ್ನು ಇದನ್ನು ಜೇಬಿಗೆ —