ಮೇಜಿನ ಮೇಲಿನ ಹದಿನಾಲ್ಕು ಮುಚ್ಚಳ

ಮೇ 3, ಬೆಳಿಗ್ಗೆ 11

ನೀರು ತುಂಬಿಸಿ, ಹಾಲು ಕಾಯಿಸಿ, ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕಾದು ಕೂತೆ. ಮೂರನೇ ಪ್ಯಾಕರ್ಸ್ ಕಂಪನಿಯವನು ಬರುವವನಿದ್ದ. ಮೊದಲ ಇಬ್ಬರು ಮನೆ ನೋಡದೆ ಫೋನಿನಲ್ಲೇ ಬಾಯಿಗೆ ಬಂದ ರೇಟು ಹೇಳಿದ್ದರು. ಸಾಮಾನು ಹೋಗಬೇಕಾದದ್ದು ಒಂಬೈನೂರು ಕಿಲೋಮೀಟರ್. ಅಂಥವರ ಕೈಗೆ ಕೊಡುವುದು ಹೇಗೆ?

ಇವನು ಬಂದ. ಐವತ್ತು ದಾಟಿದೆ. ಸೊಂಟಕ್ಕೆ ಬೆನ್ನುನೋವಿನ ಬೆಲ್ಟು. ಮುಂಗೈಗೆ ಟೇಪಿನ ರೋಲು, ಬಳೆ ತೊಟ್ಟಂತೆ. ಮನಸ್ಸಿನಲ್ಲೇ ಟೇಪಣ್ಣ ಎಂದು ಹೆಸರಿಟ್ಟೆ. ಪ್ರತಿ ಕೋಣೆಗೂ ಹೋದ. ಅಟ್ಟ ಹತ್ತಿ ನೋಡಿದ. ಮಂಚದ ಕೆಳಗೆ ಬಗ್ಗಿ ನೋಡಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ಮುಂದಿನ ಕೋಣೆಯಲ್ಲಿ ಅಣ್ಣನ ಮೇಜಿನ ಹತ್ತಿರ ಬಂದಾಗ ಎರಡೂ ಕೈ ಹಿಂದೆ ಕಟ್ಟಿಕೊಂಡ.

"ಇದು ಯಾರ್ದು ಅಮ್ಮಾ?"

"ನಮ್ಮಣ್ಣಂದು. ವಾಚ್ ರಿಪೇರಿ ಮಾಡ್ತಾನೆ."

"ಇದನ್ನ ನಾವು ಮುಟ್ಟಲ್ಲ. ಯಾರು ಬಿಚ್ಚಿದಾರೋ ಅವರೇ ಕಟ್ಟಿದ್ರೆ ಸರಿ. ಕಟ್ಟಿಟ್ಟ ಮೇಲೆ ಮೇಜು ನಾವು ಹೊರ್ತೀವಿ."

ಕಿಟಕಿಯ ಹತ್ತಿರ ವಾಚೊಂದನ್ನು ಹಿಡಿದು ನಿಂತಿದ್ದ ಅಣ್ಣ, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಅವನನ್ನೇ ನೋಡಿದ. ಅವನು ಹೋದ ಮೇಲೆ ಹೇಳಿದ: "ಗುಬ್ಬಿ, ಇವರನ್ನೇ ಗೊತ್ತು ಮಾಡು." ಐವತ್ತೊಂದು ವರ್ಷ ಆಯಿತು ನನಗೆ. ಅಣ್ಣನಿಗೆ ಇನ್ನೂ ಗುಬ್ಬಿ.

ಮೇ 9, ಸಂಜೆ

ಮನೆಯೆಲ್ಲ ಚೀಟಿ. ಅಡುಗೆಮನೆ-1, ಅಡುಗೆಮನೆ-2, ಹಾಸಿಗೆ, ಪುಸ್ತಕ... ಇಪ್ಪತ್ತೇಳು ವರ್ಷ ಪರೀಕ್ಷಾ ವಿಭಾಗದಲ್ಲಿ ಉತ್ತರಪತ್ರಿಕೆ ಬಂಡಲು ಕಟ್ಟಿದ ಕೈ. ಒಟ್ಟುಮಾಡು, ಕವರಿಗೆ ಹಾಕು, ಮೇಲೆ ಬರೆ. ಬರೆದದ್ದು ಕಳೆಯುವುದಿಲ್ಲ. ಅದೇ ಕೆಲಸಕ್ಕೇ ತಾನೇ ಈಗ ಪ್ರಮೋಷನ್ನು, ಟ್ರಾನ್ಸ್‌ಫರ್ರು.

ಅಣ್ಣ ಬೆನ್ನು ತಿರುಗಿಸಿ ನಿಂತ. "ಇಲ್ಲೂ ಒಂದು ಅಂಟಿಸಿಬಿಡು. ಹಳೇ ಸಾಮಾನು, ನಿಧಾನಕ್ಕೆ ಇಳಿಸಿ ಅಂತ."

ನಗು ಬಂತು. ಮೂವತ್ತು ವರ್ಷದ ಗಿರಾಕಿಗಳನ್ನು ಬಿಟ್ಟು ಬರುತ್ತಿದ್ದಾನೆ, ತಂಗಿಯೊಬ್ಬಳೇ ಆಗುತ್ತಾಳೆ ಎಂದು. ಕೇಳಿದರೆ "ಗಡಿಯಾರ ಎಲ್ಲಾ ಊರಲ್ಲೂ ಕೆಡುತ್ತೆ ಬಿಡು" ಅನ್ನುತ್ತಾನೆ. ಕೈಯಲ್ಲಿರುವ ವಾಚುಗಳನ್ನೆಲ್ಲ ಮುಗಿಸಿ, ಅವರವರಿಗೆ ಕೊಟ್ಟೇ ಊರು ಬಿಡುವುದು ಅಂತ ಮಾತು ಕೊಟ್ಟಿದ್ದಾನಂತೆ.

ಮೇ 17, ಬೆಳಿಗ್ಗೆ 7

ಇನ್ನೂ ಹದಿನಾಲ್ಕು ಬಾಕಿ. ಮೇಜಿನ ಮೇಲೆ ಹದಿನಾಲ್ಕು ಜಾಮ್ ಬಾಟಲಿಯ ಮುಚ್ಚಳ, ಅಂಗಾತ. ಒಂದೊಂದರಲ್ಲಿ ಒಂದೊಂದು ವಾಚಿನ ಕರುಳು. ಚೀಟಿ ಇಲ್ಲ, ನಂಬರ್ ಇಲ್ಲ. ಯಾವುದು ಯಾರದ್ದು ಎಂದು ಮುಚ್ಚಳ ಇರುವ ಜಾಗದ ಮೇಲೆ ಅವನಿಗೆ ಗೊತ್ತು. ಎಡಗಡೆ ಮೂಲೆಯದು ನರ್ಸಮ್ಮನದು. ಎದೆಗೆ ಪಿನ್ನು ಹಾಕಿಕೊಂಡು ನಾಡಿ ಎಣಿಸುವ ವಾಚು. ಮೊದಲನೇ ಕೆಲಸ ಸಿಕ್ಕಾಗ ಅವರಮ್ಮ ಕೊಡಿಸಿದ್ದು. ಪಕ್ಕದ ಐದು ಒಂದೇ ಕಂಪನಿಯವು. ಒಂದರ ಚಕ್ರ ಇನ್ನೊಂದಕ್ಕೆ ಕೂತಹಾಗೇ ಕಾಣುತ್ತದಂತೆ, ಆದರೆ ನಡೆ ಕೆಡುತ್ತದಂತೆ.

"ಒಂದೊಂದು ಚೀಟಿ ಬರೆದಿಡಬಾರದಾ ಅಣ್ಣ?"

"ಚೀಟಿ ಇದ್ರೆ ಕಣ್ಣು ಸೋಮಾರಿ ಆಗುತ್ತೆ."

ಲಾರಿ ಇಪ್ಪತ್ತಕ್ಕೆ. ಎರಡು ದಿನ ಮುಂದೆ ಹಾಕಿಸು ಎಂದ. "ಲಾರಿ ಏನು ನಮ್ಮಪ್ಪಂದಾ?" ಎಂದೆ. ಅವನು ಖಾಲಿ ಡಬ್ಬಿಗಳ ಚೀಲ ಹತ್ತಿರಕ್ಕೆ ಎಳೆದುಕೊಂಡ. ಹೇಳಿದ: "ಮುಗೀದಿದ್ರೆ ಒಂದೊಂದನ್ನೂ ಅದರದರ ಡಬ್ಬಿಗೆ ಹಾಕಿ, ನಾನೇ ತೊಡೆ ಮೇಲಿಟ್ಟುಕೊಂಡು ಬರ್ತೀನಿ. ಅರ್ಧ ದಿನ ಸಾಕು. ಯಾರೂ ಕೈ ಹಾಕ್ಬೇಡಿ, ಅಷ್ಟೇ."

ಅಷ್ಟೇ ಕೇಳಿದ್ದು.

ಮೇ 20, ಮಧ್ಯಾಹ್ನ 3, ಸ್ಟೇಷನ್

ಎಲ್ಲಾ ಲೋಡಾಯಿತು. ಅಣ್ಣನ ಮೇಜನ್ನೂ ಅವರೇ ಕಟ್ಟಿಬಿಟ್ಟರು. ಅಣ್ಣ ಬ್ಯಾಂಕಿಗೆ ಹೋಗಿದ್ದ, ನಾನು ಅಡುಗೆಮನೆಯಲ್ಲಿದ್ದೆ. ಗಡಿಬಿಡಿಯಲ್ಲಿ ಆಗಿಹೋಯಿತು. ಅಣ್ಣ ಬರುವಷ್ಟರಲ್ಲಿ ಲಾರಿ ತಿರುವು ದಾಟಿತ್ತು. ಬರಿಗೋಡೆ ನೋಡುತ್ತಾ ನಿಂತ. ಈಗ ಬೆಂಚಿನ ಆ ತುದಿಯಲ್ಲಿ ಕೂತಿದ್ದಾನೆ. ತೊಡೆ ಮೇಲೆ ಖಾಲಿ ಡಬ್ಬಿಗಳ ಚೀಲ.

ಮೇ 25, ಸಂಜೆ 5

ಹೊಸ ಮನೆ. ಲಾರಿ ಬಂತು. ಅರವತ್ತೊಂದು ಬಾಕ್ಸ್, ಒಂದು ಲೋಟಕ್ಕೂ ಪೆಟ್ಟಿಲ್ಲ. ಅಕ್ಕಪಕ್ಕದವರು ಬಂದು ಕಂಪನಿಯ ನಂಬರ್ ಕೇಳಿ ಬರೆದುಕೊಂಡರು.

ಮೂವತ್ತೇಳನೇ ಬಾಕ್ಸನ್ನು ಅಣ್ಣನೇ ಬಿಚ್ಚಿದ. ಮೊದಲು ಇಕ್ಕಳಗಳು, ಸ್ಕ್ರೂಡ್ರೈವರ್, ದೀಪ, ಎಲ್ಲಾ ಬೇರೆ ಬೇರೆ ಸುತ್ತಿ ಇಟ್ಟದ್ದು. ತಳದಲ್ಲಿ ಹದಿನಾಲ್ಕು ಮುಚ್ಚಳ, ಒಂದರೊಳಗೊಂದು ಕೂಡಿಸಿ. ಖಾಲಿ. ಆಮೇಲೆ ಒಂದು ಜಿಪ್ ಕವರು. ಅದರಲ್ಲಿ ಹದಿನಾಲ್ಕು ವಾಚುಗಳ ಚಕ್ರ, ಸ್ಪ್ರಿಂಗು, ಮೊಳೆ. ಒಂದು ಹಿಡಿ ರವೆಯಷ್ಟು.

ಕೂಗಾಡಿದ್ದರೆ ಚೆನ್ನಾಗಿತ್ತು. ಕವರನ್ನು ಬೆಳಕಿಗೆ ಹಿಡಿದ, ಅಲುಗಿಸದೆ ಕೆಳಗಿಟ್ಟ.

"ಮುಟ್ಟಲ್ಲ ಅಂದಿದ್ದ ಆ ಮನುಷ್ಯ," ಎಂದ. "ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅದನ್ನ ನೋಡಿ ನಂಬಿದೆ ನಾನು." ಆಮೇಲೆ, "ಕಂಪ್ಲೇಂಟ್ ಬರೆ ಗುಬ್ಬಿ. ದುಡ್ಡಿಗಲ್ಲ. ನಾಳೆ ಇನ್ನೊಬ್ಬರ ಮೇಜಿಗೆ ಹೀಗಾಗಬಾರದು."

ಬರೆದೆ. ಕೈಬರಹ ಚೆನ್ನಾಗಿಯೇ ಬಂತು.

ಮೇ 26, ಬೆಳಿಗ್ಗೆ 6

ಇಲ್ಲೂ ಸುಳ್ಳು ಬರೆದಿದ್ದೇನೆ. ನನ್ನನ್ನು ಬಿಟ್ಟರೆ ಯಾರೂ ಓದದ ಪುಸ್ತಕದಲ್ಲಿ.

ಅಡುಗೆಮನೆಯಲ್ಲಿರಲಿಲ್ಲ. ಇಪ್ಪತ್ತನೇ ತಾರೀಖು ಬೆಳಿಗ್ಗೆಯೂ ಅಣ್ಣ ಮೂರು ದಿನದಿಂದ ಹಿಡಿದಿದ್ದ ನರ್ಸಮ್ಮನ ವಾಚಿನ ಮೇಲೇ ಬಗ್ಗಿದ್ದ, ಹದಿನಾಲ್ಕರಲ್ಲಿ ಒಂದೂ ಮುಗಿದಿರಲಿಲ್ಲ. ಒಂದನ್ನೂ ಡಬ್ಬಿಗೆ ಹಾಕಿರಲಿಲ್ಲ. ಹೊರಗೆ ಲಾರಿ ನಿಂತಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಸಂಜೆಗೆ ರೈಲು. ತಲೆ ಕೆಟ್ಟಿತು. ಬ್ಯಾಂಕಿನಲ್ಲಿ ವಿಳಾಸ ಬದಲಾಯಿಸಲು ನಿನ್ನ ಸಹಿ ಬೇಕಂತೆ, ಈಗಲೇ ಹೋಗಿ ಬಾ ಅಂದೆ. ಬೇಕಿರಲಿಲ್ಲ. ಹೋದ ಪುಣ್ಯಾತ್ಮ. ಎರಡು ಗಂಟೆ ಸಾಲಿನಲ್ಲಿ ನಿಂತ ಮೇಲೆ, ಇದಕ್ಕೆಲ್ಲ ಬರಬೇಕಾಗಿರಲಿಲ್ಲ ಎಂದರಂತೆ.

ಟೇಪಣ್ಣನಿಗೆ ಹೇಳಿದೆ, ಈ ಮೇಜನ್ನೂ ಕಟ್ಟಿಬಿಡಿ.

"ಅಮ್ಮಾ, ಅಣ್ಣಾವ್ರು ಬರ್ಲಿ. ಒಂದ್ಗಂಟೆ ನಿಲ್ತೀವಿ, ಡ್ರೈವರ್‌ಗೆ ನಾನು ಹೇಳ್ಕೋತೀನಿ."

"ಅವನು ಬಂದ್ರೆ ಸಂಜೆವರೆಗೂ ಏಳಲ್ಲ. ನಿಮಗೆ ಗೊತ್ತಿಲ್ಲ."

"ಹಂಗಾದ್ರೆ ಇರೋ ಹಾಗೇ ಒಂದು ಫೋಟೋ ತಕ್ಕೊಳ್ಳಾ?"

"ಏನೂ ಬೇಡ. ಟೈಮಿಲ್ಲ."

ಅವನು ಮುಟ್ಟಲಿಲ್ಲ. ನಾನೇ ಮುಟ್ಟಿದೆ. ಒಂದೊಂದೇ ಮುಚ್ಚಳ ಎತ್ತಿ ಕವರಿಗೆ ಸುರಿದೆ. ಬಹಳ ಜೋಪಾನವಾಗಿ. ಒಂದು ಚೂರೂ ಚೆಲ್ಲಲಿಲ್ಲ. ಒಟ್ಟಿಗಿದ್ದರೆ ಕಳೆಯುವುದಿಲ್ಲ ಎಂಬುದೊಂದೇ ತಲೆಯಲ್ಲಿ. ಜಿಪ್ ಎಳೆದಾಗ ಸಮಾಧಾನವಾಯಿತು ಕೂಡ.

ಇವತ್ತು ಅಣ್ಣನಿಗೆ ಹೇಳಿಬಿಡುತ್ತೇನೆ. ಕಾಫಿ ಆದ ಮೇಲೆ.

ಜೂನ್ 11, ಮಧ್ಯಾಹ್ನ, ಆಫೀಸು

ಹೇಳಿಲ್ಲ.

ಅಣ್ಣ ಬೆಳಿಗ್ಗೆ ಏಳಕ್ಕೆ ಕೂರುತ್ತಾನೆ. ಬಿಳಿ ಬಟ್ಟೆ ಹಾಸಿ, ಕವರಿನಿಂದ ಚಿಮಟದಲ್ಲಿ ಒಂದೊಂದೇ ತೆಗೆಯುತ್ತಾನೆ. ಬೇರೆ ಬೇರೆ ಕಂಪನಿಯವು ಎಂಟು ಸಿಕ್ಕಿವೆ, ಜೋಡಿಸಿ ಕೊರಿಯರ್ ಮಾಡಿದ. ಒಂದೇ ಕಂಪನಿಯ ಐದು, ನರ್ಸಮ್ಮನದೊಂದು, ಆರು ಬಗೆಹರಿಯುತ್ತಿಲ್ಲ. ನರ್ಸಮ್ಮನ ವಾಚಿಗೆ ಯಾವ ಕಾಲದಲ್ಲೋ ಯಾರೋ ಬೇರೆ ವಾಚಿನ ಭಾಗ ಹಾಕಿದ್ದಾರಂತೆ. ಹಾಗಾಗಿ ಆ ಕಂಪನಿಯ ರಿಪೇರಿ ಪುಸ್ತಕ ನೋಡಿದರೂ ಪ್ರಯೋಜನವಿಲ್ಲವಂತೆ. ಆಯಮ್ಮ ಫೋನ್ ಮಾಡಿದ್ದರು. ಅಣ್ಣ ಏನು ಹೇಳಿದನೋ ಕೇಳಿಸಲಿಲ್ಲ, ಮಾತು ಮುಗಿದ ಮೇಲೂ ಫೋನ್ ಕಿವಿಗೇ ಹಿಡಿದುಕೊಂಡು ಕೂತಿದ್ದ. ಈ ಊರಿನಲ್ಲಿ ಬೋರ್ಡ್ ಹಾಕೋಣ ಅಂದರೆ, "ಇವು ಆರು ಹೋಗೋವರೆಗೂ ಯಾರ ವಾಚೂ ಕೈಲಿ ಹಿಡಿಯಲ್ಲ" ಅನ್ನುತ್ತಾನೆ.

ಈಗ ಕಂಪನಿಯಿಂದ ಫೋನ್ ಬಂದಿತ್ತು. ಒಬ್ಬ ಹುಡುಗಿ, ಬಹಳ ಮರ್ಯಾದೆಯ ದನಿ.

"ಮೇಡಂ, ಮನೆಯವರೇ ಸುರಿದು ಕೊಟ್ರು ಅಂತಾನೆ ನಮ್ಮ ಸೂಪರ್‌ವೈಸರ್. ಹೌದಾ?"

ಸುತ್ತ ಎಲ್ಲಾ ನನ್ನ ಹೊಸ ಸ್ಟಾಫು. ಹೊಸ ಮೇಡಂ ಏನು ಮಾತಾಡುತ್ತಾರೆ ಅಂತ ಕಿವಿಯಾಗಿ ಕೂತಿದ್ದಾರೆ.

"ನಾನು ಅಡುಗೆಮನೆಯಲ್ಲಿದ್ದೆ," ಎಂದೆ.

"ಸಾಕು ಮೇಡಂ. ಅವನನ್ನ ಆವಾಗ್ಲೇ ಸೂಪರ್‌ವೈಸರ್ ಕೆಲಸದಿಂದ ತೆಗೆದು ಲೋಡಿಂಗ್‌ಗೆ ಹಾಕಿದೀವಿ. ಇನ್ನು ಅಲ್ಲೇ ಇರ್ತಾನೆ."

ಲೋಡಿಂಗ್. ಬೀರು, ಫ್ರಿಜ್ಜು ಹೊರುವುದು. ಆ ಬೆಲ್ಟು ಕಟ್ಟಿಕೊಂಡು.

ಥ್ಯಾಂಕ್ಸ್ ಎಂದೆ. ಬಾಯಿಗೆ ಬಂದುಬಿಟ್ಟಿತು, ಥ್ಯಾಂಕ್ಸ್.

ಜೂನ್ 19, ಬೆಳಿಗ್ಗೆ 8.20, ಬಸ್ಸು

ಮೊಬೈಲಿಗೆ ಒಂದು ಫೋಟೋ ಬಂದಿದೆ. ಕೆಳಗೆ ಮೆಸೇಜು:

"ಅಮ್ಮ ನಮಸ್ಕಾರ. ಅವತ್ತು ನೀವು ಬೇಡ ಅಂದ್ರೂ ಒಂದು ಫೋಟೋ ತೆಗೆದಿದ್ದೆ, ತಪ್ಪು ತಿಳ್ಕೋಬೇಡಿ. ಫೋನ್ ಒಡೆದು ಹೋಗಿತ್ತು, ನಿನ್ನೆ ರಿಪೇರಿ ಆಯ್ತು. ಅಣ್ಣಾವ್ರಿಗೆ ಉಪಯೋಗ ಆಗಬಹುದು. ಆಫೀಸಿಗೆ ಕೊಟ್ಟಿಲ್ಲ. ಮನೆ ಒಳಗಿನ ಫೋಟೋ ಮನೆಯವರಿಗೇ ಸೇರಬೇಕು."

ಒಂದು ಬೈಗುಳ ಇಲ್ಲ. ನನ್ನ ಸ್ಟಾಪು ದಾಟಿ ಎರಡು ಸ್ಟಾಪಾಯಿತು, ಇನ್ನೂ ಕೂತೇ ಇದ್ದೇನೆ.

ಜೂನ್ 19, ಸಂಜೆ 6

ಫೋಟೋ ಸ್ಪಷ್ಟವಾಗಿದೆ. ದೊಡ್ಡದು ಮಾಡಿದರೆ ಒಂದೊಂದು ಚಕ್ರದ ಹಲ್ಲೂ ಕಾಣುತ್ತದೆ. ಯಾವ ಮುಚ್ಚಳದಲ್ಲಿ ಯಾವುದು, ಎಲ್ಲಾ ಇದೆ. ಅಣ್ಣನಿಗೆ ಇಷ್ಟು ಸಿಕ್ಕರೆ ವಾರದಲ್ಲಿ ಮುಗಿಸುತ್ತಾನೆ.

ಎಡಗಡೆ ಮೂಲೆಯಲ್ಲಿ ಒಂದು ಕೈ. ನರ್ಸಮ್ಮನ ಮುಚ್ಚಳವನ್ನು ಎತ್ತಿ ಹಿಡಿದಿದೆ, ಇನ್ನೂ ಸುರಿದಿಲ್ಲ. ಇನ್ನೊಂದು ಕೈಯಲ್ಲಿ ಬಾಯಿ ತೆರೆದ ಕವರು. ಮಣಿಕಟ್ಟಿನಲ್ಲಿ ವಾಚು, ಕಂದು ಪಟ್ಟಿಯದು. ನನಗೆ ಕೆಲಸ ಸಿಕ್ಕಿದಾಗ ಅಣ್ಣ ಹಳೆಯ ಮೂರು ವಾಚು ಬಿಚ್ಚಿ, ಸೇರಿಸಿ ಮಾಡಿಕೊಟ್ಟದ್ದು. ಇಂಥದ್ದು ಲೋಕದಲ್ಲಿ ಒಂದೇ ಒಂದು.

ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮೊಬೈಲಿನಲ್ಲೇ ಫೋಟೋ ಕತ್ತರಿಸುತ್ತಾ ಕೂತೆ. ಇಲ್ಲಿಂದ ಕತ್ತರಿಸಿದರೆ ಕೈ ಹೋಗುತ್ತದೆ, ಜೊತೆಗೆ ನರ್ಸಮ್ಮನ ಮುಚ್ಚಳವೂ ಹೋಗುತ್ತದೆ. ಆ ಕಡೆಯಿಂದ ಕತ್ತರಿಸಿದರೂ ಅದೇ. ಉಳಿದ ಐದು ಸಿಕ್ಕರೆ ಸಾಕಲ್ಲ, ಆರನೆಯದು ಹೇಗೂ ಹಳೆಯದು... ಇದನ್ನು ಯೋಚಿಸಿದೆ. ಯೋಚಿಸಿದ್ದು ನಾನೇ. ಬರೆದಿಡುತ್ತೇನೆ, ಮರೆಯಬಾರದು.

ಹೊರಗಿನಿಂದ ಅಣ್ಣ: "ಗುಬ್ಬಿ, ಹುಷಾರಿದ್ದೀಯ ತಾನೇ?"

ಜೂನ್ 20, ಮಧ್ಯಾಹ್ನ

ಕಂಪನಿಗೆ ಮೇಲ್ ಕಳಿಸಿದೆ. ಫೋಟೋ ಹಾಕಿ. ಸುರಿದದ್ದು ನಾನು, ಅವರು ಬೇಡವೆಂದರು, ಕಾಯುತ್ತೇವೆ ಎಂದರು, ನಾನು ನಿಮಗೆ ಸುಳ್ಳು ಹೇಳಿದೆ. ನಾಲ್ಕು ಸಾಲು. ಐದು ನಿಮಿಷ ಹಿಡಿಯಿತು. ಮುಖ ನೋಡದವರಿಗೆ ನಿಜ ಹೇಳುವುದು ಇಷ್ಟು ಸುಲಭ.

ಟೇಪಣ್ಣನಿಗೆ ಫೋನ್ ಮಾಡಿದೆ. ಹಿಂದೆ ಲಾರಿಯ ಸದ್ದು. "ಇರ್ಲಿ ಬಿಡಿ ಅಮ್ಮಾ," ಎಂದ. ಬೆನ್ನು ಹೇಗಿದೆ ಎಂದು ಕೇಳಿದೆ. "ಇದೆ," ಎಂದ. ಅಷ್ಟೇ.

ಸ್ಟುಡಿಯೋದಲ್ಲಿ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಸ್ಟುಡಿಯೋದವನು, "ಮೇಡಂ, ಈ ಕೈ ಅಡ್ಡ ಬಂದಿದೆ, ತೆಗೆದುಬಿಡ್ಲಾ?" ಎಂದ. ಬೇಡ ಎಂದೆ.

ಜೂನ್ 21, ಬೆಳಿಗ್ಗೆ 7.05

ಅಣ್ಣ ಏಳುವ ಮೊದಲು ಪ್ರಿಂಟನ್ನು ಮೇಜಿನ ಮೇಲಿಟ್ಟು ಬಂದೆ. ಎದುರು ನಿಂತು ಕೊಡುವ ಧೈರ್ಯ ಬರಲಿಲ್ಲ. ಈಗ ನಿಜವಾಗಿಯೂ ಅಡುಗೆಮನೆಯಲ್ಲಿದ್ದೇನೆ. ಕೈಗೆ ಆ ವಾಚು ಕಟ್ಟಿಕೊಂಡಿದ್ದೇನೆ, ಬಿಚ್ಚಿಡಲು ಹೋದವಳು ಬಿಚ್ಚಲಿಲ್ಲ.

ಅಣ್ಣನ ಕೋಪ ನಾನು ನೋಡಿದ್ದು ಒಂದೇ ಸಲ. ಹತ್ತನೇ ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ನಾನೇ ಹಾಕಿದ್ದೆ. ಅವತ್ತು ಗುಬ್ಬಿ ಅನ್ನಲಿಲ್ಲ, ಪೂರ್ತಿ ಹೆಸರು ಹಿಡಿದು ಕರೆದ. ಹದಿನೈದು ದಿನ ಮಾತಿಲ್ಲ. ಹೊಡೆದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ದೀಪ ಹಾಕಿದ ಸದ್ದು.

ಬಾಗಿಲ ಸಂದಿಯಿಂದ ಮೇಜು, ಅವನ ಕೈ ಕಾಣುತ್ತಿವೆ. ಕಾಗದ ಎತ್ತಿದ.

"ಅಯ್ಯೋ!" ಎಂದ. ಸಂತೋಷದ ಅಯ್ಯೋ. ಎಷ್ಟು ದಿನವಾಯಿತು ಈ ದನಿ ಕೇಳಿ. ಮುಚ್ಚಳಗಳನ್ನು ಜೋಡಿಸುತ್ತಿದ್ದಾನೆ. ಬಲಗಡೆಯಿಂದ ಶುರು ಮಾಡಿದ್ದಾನೆ, ಒಂದು, ಎರಡು, ಮೂರು... ಎಡಗಡೆಗೆ ಬರುತ್ತಿದ್ದಾನೆ. ಹನ್ನೊಂದು. ಹನ್ನೆರಡು. ಹದಿಮೂರು.

ಕೈ ನಿಂತಿತು.

ಹಾಲು ಉಕ್ಕುತ್ತಿದೆ, ಆರಿಸಬೇಕು. ಕುರ್ಚಿ ಹಿಂದಕ್ಕೆ ಸರಿದ ಸದ್ದು. ಅಣ್ಣ ಕರೆಯುತ್ತಿದ್ದಾನೆ. ಗುಬ್ಬಿ ಅಂತಲ್ಲ —